ಬೇರೆ ಜನಾಂಗ, ಬೇರೆ ಸಂಸ್ಕೃತಿಯವರ ಜೊತೆ ಸಂಸಾರ: ಮೊದಲೇ ಕೂತು ಮಾತಾಡಬೇಕಾದ ವಿಷಯಗಳು

"ನಾವಿಬ್ಬರೂ ಬೇರೆ ಬೇರೆ ದೇಶದವರು. ಬಣ್ಣ ಬೇರೆ, ಭಾಷೆ ಬೇರೆ, ಬೆಳೆದ ರೀತಿ ಬೇರೆ. ಮುಂದೆ ಕಷ್ಟ ಆಗುತ್ತಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕಷ್ಟ ಆಗುತ್ತದೆ. ಆದರೆ ಜನ ಸಾಮಾನ್ಯವಾಗಿ ಹೆದರುವ ಕಡೆ ಅಲ್ಲ. ಊಟ, ಉಡುಗೆ, ಹಬ್ಬದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಇಬ್ಬರೂ ಮೊದಲೇ ಮನಸ್ಸು ಸಿದ್ಧ ಮಾಡಿಕೊಂಡಿರುತ್ತಾರೆ, ಒಂದಷ್ಟು ದಿನ ಅದು ಖುಷಿಯನ್ನೂ ಕೊಡುತ್ತದೆ.

ನನ್ನ ಪ್ರಕಾರ ಅಸಲಿ ತೊಡಕು ಬೇರೆಯೇ ಇದೆ. ಇಂಥ ಜೋಡಿಗಳಲ್ಲಿ ಹೆಚ್ಚಾಗಿ ಒಬ್ಬರು ತಮ್ಮ ನೆಲದಲ್ಲಿ ಇರುತ್ತಾರೆ, ಇನ್ನೊಬ್ಬರು ಬಂದು ಸೇರಿಕೊಂಡಿರುತ್ತಾರೆ. ಭಾಷೆ, ಕಾಗದಪತ್ರ, ನೆಂಟರು, ಸ್ನೇಹಿತರು ಎಲ್ಲ ಒಂದೇ ಕಡೆ ವಾಲಿರುತ್ತವೆ. ಅದನ್ನು ಗಮನಿಸದೆ "ಸಂಸ್ಕೃತಿ ಹೊಂದಲಿಲ್ಲ" ಎಂದು ಷರಾ ಬರೆದುಬಿಡುತ್ತೇವೆ. ಕೆಳಗಿನ ಹಂತಗಳೆಲ್ಲ ಈ ವಾಲುವಿಕೆಯನ್ನು ಪತ್ತೆ ಹಚ್ಚಿ ಸರಿದೂಗಿಸುವುದಕ್ಕೆ.

ಬೇಕಾಗಿರುವುದು ಇಷ್ಟು: ಒಂದು ನೋಟ್‌ಬುಕ್ಕು, ಫೋನು ಮುಟ್ಟದ ಎರಡು ಗಂಟೆ, ಇಬ್ಬರ ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟು. ಎಲ್ಲವನ್ನೂ ಒಂದೇ ಸಲ ಮುಗಿಸಲು ಹೋಗಬೇಡಿ. ಒಂದು ಸಲಕ್ಕೆ ಒಂದು ಹಂತ ಸಾಕು. ಈಗಾಗಲೇ ಮದುವೆಯಾಗಿ ವರ್ಷಗಳು ಕಳೆದಿದ್ದರೂ ತಡವಾಗಿಲ್ಲ.

ಹಂತ 1: ಯಾರು ತಮ್ಮ ನೆಲದಲ್ಲಿದ್ದಾರೆ, ಎಣಿಸಿ ನೋಡಿ

ಒಂದು ಹಾಳೆಯ ನಡುವೆ ಗೆರೆ ಎಳೆದು ಎರಡು ಹೆಸರು ಬರೆಯಿರಿ. ಈ ಪ್ರಶ್ನೆಗಳಿಗೆ ಉತ್ತರ ಯಾರೋ, ಅವರ ಕಡೆಗೆ ಒಂದು ಗುರುತು ಹಾಕಿ.

ಯಾರ ದೇಶದಲ್ಲಿ ಇರುತ್ತೀರಿ? ಮನೆಯಲ್ಲಿ ಆಡುವ ಭಾಷೆ ಯಾರದು? ಬ್ಯಾಂಕಿಗೆ, ಆಸ್ಪತ್ರೆಗೆ ಹೋದರೆ ಯಾರು ಮಾತಾಡುತ್ತಾರೆ? ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ? ಯಾರ ವೀಸಾ ಇನ್ನೊಬ್ಬರನ್ನು ನಂಬಿಕೊಂಡಿದೆ? ರಜೆಯ ದಿನ ಮನೆಗೆ ಬರುವ ಸ್ನೇಹಿತರು ಯಾರ ಕಡೆಯವರು? ಹುಷಾರು ತಪ್ಪಿದರೆ ಅರ್ಧ ಗಂಟೆಯಲ್ಲಿ ಬಂದು ನಿಲ್ಲುವ ನೆಂಟರು ಯಾರಿಗಿದ್ದಾರೆ? ರಾತ್ರಿ ಜಗಳವಾಗಿ ಮನೆಯಲ್ಲಿ ಇರಲಾಗದೆ ಹೋದರೆ, ಹೋಗಿ ಮಲಗಲು ಜಾಗ ಯಾರಿಗಿದೆ?

ಕೊನೆಯ ಪ್ರಶ್ನೆಯನ್ನು ಓದುವಾಗ ಗುರುತು ಹಾಕುವ ಕೈ ಒಂದು ಕ್ಷಣ ನಿಲ್ಲುತ್ತದೆ. ನಿಲ್ಲಲಿ. ಪ್ರೀತಿ ಎಷ್ಟೇ ಇರಲಿ, ಎದ್ದು ಹೋಗಲು ಜಾಗವಿಲ್ಲದವರು ಜಗಳದಲ್ಲಿ ಬೇಗ ಸೋಲೊಪ್ಪಿಕೊಳ್ಳುತ್ತಾರೆ. ಆ ಸೋಲು ಒಳಗೇ ಉಳಿದು ಯಾವತ್ತೋ ಒಂದು ದಿನ ಚಿಕ್ಕ ನೆಪಕ್ಕೆ ಸಿಡಿಯುತ್ತದೆ.

ಗುರುತುಗಳು ಸಮ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಡಿಮೆ ಗುರುತು ಇರುವವರಿಗೆ ಏನು ಕೊಟ್ಟು ತೂಕ ಸರಿಮಾಡಬಹುದು ಎಂದು ಯೋಚಿಸಿ. ಅವರದೇ ಹೆಸರಿನ ಬ್ಯಾಂಕ್ ಖಾತೆ. ವಾಹನ ಓಡಿಸಲು ಬರದಿದ್ದರೆ ಕಲಿಯುವ ಖರ್ಚು. ಜೊತೆಗಾರರ ಮೂಲಕ ಬಾರದ, ತಾವೇ ಮಾಡಿಕೊಂಡ ಸ್ನೇಹಿತರ ಜೊತೆ ಕಳೆಯಲು ವಾರದಲ್ಲಿ ಒಂದು ಸಂಜೆ. ವರ್ಷಕ್ಕೊಮ್ಮೆ ತಮ್ಮ ದೇಶಕ್ಕೆ ಹೋಗಿ ಬರುವ ಟಿಕೆಟ್ಟು. ಟಿಕೆಟ್ಟಿನ ಹಣವನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಬಂದು ಸೇರಿದವರಿಗೆ ಮೊದಲ ಒಂದೆರಡು ವರ್ಷ ಕಲ್ಚರ್ ಶಾಕ್ ಇರುತ್ತದೆ. ಅಂದರೆ, ದಿನನಿತ್ಯದ ಸಣ್ಣಪುಟ್ಟ ಕೆಲಸದಲ್ಲೂ ದಾರಿ ತಪ್ಪಿದಂತಾಗಿ ಬರುವ ಸುಸ್ತು, ಸಿಟ್ಟು, ಮಂಕು. ಈ ಮಾತನ್ನು ಜನಪ್ರಿಯ ಮಾಡಿದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, 1960ರ ಲೇಖನದಲ್ಲಿ ಇದಕ್ಕೆ ಹಂತಗಳಿವೆ ಎಂದು ಬರೆದರು: ಮೊದಲು ಎಲ್ಲವೂ ಚೆಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ನಿಧಾನಕ್ಕೆ ಚೇತರಿಕೆ, ಕೊನೆಗೆ ಹೊಂದಿಕೆ. ಎಲ್ಲರಿಗೂ ಇದೇ ಸಾಲಿನಲ್ಲಿ ಬರುವುದಿಲ್ಲ. ಆದರೂ ಒಂದು ಉಪಯೋಗವಿದೆ. ಎರಡನೆಯ ಹಂತದಲ್ಲಿರುವವರು "ಈ ದೇಶವೇ ಸರಿಯಿಲ್ಲ" ಎಂದಾಗ, ಅದನ್ನು "ನೀನೇ ಸರಿಯಿಲ್ಲ" ಎಂದು ಕೇಳಿಸಿಕೊಳ್ಳಬೇಡಿ. ನಿಮ್ಮ ದೇಶದ ವಕೀಲರಾಗುವ ಅಗತ್ಯ ಇಲ್ಲ.

ಹಂತ 2: ಯಾರೂ ಬಾಯಿಬಿಟ್ಟು ಹೇಳದ ನಿಯಮಗಳನ್ನು ಬರೆಯಿರಿ

ಪ್ರತಿ ಮನೆಗೂ ನಿಯಮಗಳಿರುತ್ತವೆ. ಅದೇ ಮನೆಯಲ್ಲಿ ಹುಟ್ಟಿದವರಿಗೆ ಅವು ನಿಯಮ ಅಂತಲೇ ಅನ್ನಿಸುವುದಿಲ್ಲ, "ಎಲ್ಲರೂ ಹೀಗೇ ತಾನೆ" ಅನ್ನಿಸುತ್ತದೆ. ಅವನ್ನು ಹೊರಗೆ ತರಬೇಕು.

ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದೇ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಹೇಳದೆ ಕೇಳದೆ ಮನೆಗೆ ಬರುವ ಹಕ್ಕು ಯಾರಿಗಿದೆ? ಬಂದರೆ ಎಷ್ಟು ದಿನ ಇರಬಹುದು? ನನ್ನ ಸಂಬಳ ಎಷ್ಟೆಂದು ಯಾರಿಗೆ ಗೊತ್ತಿರಬೇಕು? ಅಣ್ಣ ತಮ್ಮಂದಿರು ಸಾಲ ಕೇಳಿದರೆ ಜೊತೆಗಾರರನ್ನು ಕೇಳಿ ಕೊಡಬೇಕೋ, ಕೊಟ್ಟು ಹೇಳಬೇಕೋ? ಅಪ್ಪ ಅಮ್ಮನಿಗೆ ವಯಸ್ಸಾದಾಗ ಅವರು ಎಲ್ಲಿರಬೇಕು? ಸಿಟ್ಟು ಬಂದಾಗ ದನಿ ಏರಿಸುವುದು ತಪ್ಪೋ, ಮಾತು ಬಿಡುವುದು ತಪ್ಪೋ? ಮೈ ಹುಷಾರಿಲ್ಲದಾಗ ನನ್ನನ್ನು ಉಪಚರಿಸಬೇಕೋ, ಸುಮ್ನೆ ಬಿಟ್ಟುಬಿಡಬೇಕೋ? ಆರು ಗಂಟೆಗೆ ಬನ್ನಿ ಎಂದರೆ ಎಷ್ಟಕ್ಕೆ ಹೋಗಬೇಕು?

ಬರೆದಾದ ಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಓದುವಾಗ ಒಂದೇ ಷರತ್ತು: ಮೊದಲ ಓದಿನಲ್ಲಿ ವಾದ ಬೇಡ, ಪ್ರಶ್ನೆ ಮಾತ್ರ. "ಇದು ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತಿತ್ತು?" ಎಂದು ಕೇಳಿ. ಹಣದ ಪ್ರಶ್ನೆಗೆ ಬೇಕಂತಲೇ ಜಾಸ್ತಿ ಹೊತ್ತು ಕೊಡಿ. ಮನೆಯವರಿಗೆ ಪ್ರತಿ ತಿಂಗಳು ಹಣ ಕಳಿಸುವುದು ಒಬ್ಬರಿಗೆ ಊಟ ಮಾಡಿದಷ್ಟೇ ಸಹಜ. ಇನ್ನೊಬ್ಬರಿಗೆ ಅದು ತಮ್ಮ ಸಂಸಾರದ ಉಳಿತಾಯದಿಂದ ಹೋಗುವ ಸೋರಿಕೆ. ಇಬ್ಬರೂ ಕೆಟ್ಟವರಲ್ಲ. ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಗೊತ್ತು ಮಾಡಿ, ಅದರೊಳಗೆ ಯಾರೂ ಯಾರನ್ನೂ ಕೇಳುವುದು ಬೇಡ, ಮೀರಿದರೆ ಇಬ್ಬರೂ ಕೂತು ನಿರ್ಧರಿಸುವುದು ಎಂದು ಮಾಡಿಕೊಳ್ಳಿ.

ಇನ್ನೊಂದು ವಿಷಯ ಮಾತಿನ ರೀತಿ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಸಂಸ್ಕೃತಿಗಳನ್ನು ಹೈ ಕಾಂಟೆಕ್ಸ್ಟ್, ಲೋ ಕಾಂಟೆಕ್ಸ್ಟ್ ಎಂದು ಗುರುತಿಸಿದರು. ಮೊದಲನೆಯದರಲ್ಲಿ ಹೇಳಬೇಕಾದ್ದರಲ್ಲಿ ಬಹುಪಾಲು ಸಂದರ್ಭದಲ್ಲೇ ಅಡಗಿರುತ್ತದೆ, ಕೇಳುವವರು ಅರ್ಥ ಮಾಡಿಕೊಳ್ಳಬೇಕು. ಎರಡನೆಯದರಲ್ಲಿ ಬೇಕಾದ್ದನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರು "ಪರವಾಗಿಲ್ಲ, ನೀನು ಹೋಗಿ ಬಾ" ಎನ್ನುತ್ತಾರೆ, ಹೋಗದಿರಲಿ ಎಂಬ ಆಸೆಯಲ್ಲಿ. ಇನ್ನೊಬ್ಬರು ಅದನ್ನು ನಂಬಿ ಖುಷಿಯಾಗಿ ಹೋಗಿಬಿಡುತ್ತಾರೆ! ಇದಕ್ಕೆ ಸುಲಭದ ಏರ್ಪಾಡು ಒಂದಿದೆ. ಬೇಕು ಬೇಡಗಳನ್ನು 1ರಿಂದ 10ರವರೆಗಿನ ಅಂಕಿಯಲ್ಲಿ ಹೇಳುವುದು. "ನೀನು ಇವತ್ತು ಮನೆಯಲ್ಲೇ ಇರಬೇಕು ಅನ್ನೋದು ನನಗೆ ಎಂಟು." ಕೇಳಲು ತಮಾಷೆ, ಆದರೆ ಕೆಲಸ ಮಾಡುತ್ತದೆ.

*ಎಚ್ಚರ:* ಗಂಡನೋ ಹೆಂಡತಿಯೋ ಮಾಡಿದ ಒಂದು ತಪ್ಪಿಗೆ ಇಡೀ ದೇಶವನ್ನು ಎಳೆದು ತರಬೇಡಿ. "ನಿಮ್ಮವರೆಲ್ಲ ಹೀಗೇ" ಎಂಬ ಮಾತು ಒಂದು ಸಲ ಬಾಯಿಂದ ಬಿತ್ತೆಂದರೆ ಜಗಳದ ಮೂಲ ವಿಷಯ ಅಲ್ಲಿಗೆ ಮುಗಿಯಿತು. ಪಾತ್ರೆ ತೊಳೆಯದಿದ್ದವರು ಪಾತ್ರೆ ತೊಳೆಯಲಿಲ್ಲ, ಅಷ್ಟೇ.

ಎಲ್ಲವೂ ಇತ್ಯರ್ಥ ಆಗಲೇಬೇಕು ಎಂಬ ಹಟವೂ ಬೇಡ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ, ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇ. 69ರಷ್ಟು ಎಂದೂ ಪೂರ್ತಿ ಬಗೆಹರಿಯದಂಥವು. ಅದು ಎಲ್ಲ ಜೋಡಿಗಳ ಲೆಕ್ಕ, ಒಂದೇ ಬೀದಿಯಲ್ಲಿ ಹುಟ್ಟಿ ಬೆಳೆದವರೂ ಅದರಲ್ಲಿ ಸೇರಿದ್ದಾರೆ.

ಹಂತ 3: ಭಾಷೆಯ ಹೊರೆ ಹಂಚಿಕೊಳ್ಳಿ

ನೆಂಟರ ಮನೆಯ ಊಟದ ಮೇಜು ನೆನಪಿಸಿಕೊಳ್ಳಿ. ಎಂಟು ಜನ ತಮ್ಮ ಭಾಷೆಯಲ್ಲಿ ಹರಟುತ್ತಿದ್ದಾರೆ. ಒಬ್ಬರಿಗೆ ಮಾತ್ರ ಅದು ಅರ್ಧಂಬರ್ಧ ಗೊತ್ತು. ಎಲ್ಲರೂ ನಕ್ಕಾಗ ಅವರೂ ನಗುತ್ತಾರೆ, ಒಂದು ಕ್ಷಣ ತಡವಾಗಿ. ಎರಡು ಗಂಟೆ ಹೀಗೆ ಕೂತರೆ ತಲೆ ನಿಜವಾಗಿಯೂ ನೋಯುತ್ತದೆ. ಮನೆಗೆ ಬಂದ ಮೇಲೆ "ನಮ್ಮವರ ಜೊತೆ ನೀನು ಬೆರೆಯಲೇ ಇಲ್ಲ" ಎಂಬ ದೂರು ಬೇರೆ.

ಹೋಗುವ ಮೊದಲೇ ಮಾತಾಡಿಕೊಳ್ಳಿ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮಾತಿನ ಸಾರಾಂಶ ಪಕ್ಕದಲ್ಲೇ ಕೂತು ಹೇಳುವುದು ಮನೆಮಗ ಅಥವಾ ಮನೆಮಗಳ ಕೆಲಸ. ಸಾಕಾಯಿತು ಎನ್ನಲು ಒಂದು ಸನ್ನೆ ಇರಲಿ. ಸನ್ನೆ ಬಂದರೆ ಅರ್ಧ ಗಂಟೆಯೊಳಗೆ ಹೊರಡಿ, ಚೌಕಾಸಿ ಬೇಡ.

ಕಲಿಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಬಂದು ಸೇರಿದವರು ಹೇಗೂ ಆ ದೇಶದ ಭಾಷೆ ಕಲಿಯುತ್ತಾರೆ, ಬೇರೆ ದಾರಿ ಇಲ್ಲ. ತಮ್ಮ ನೆಲದಲ್ಲಿರುವವರೂ ಜೊತೆಗಾರರ ಭಾಷೆ ಕಲಿಯಬೇಕು. ವ್ಯಾಕರಣ ತಪ್ಪಾದರೂ ಸರಿ, ಅತ್ತೆ ಮಾವನ ಜೊತೆ ಫೋನಿನಲ್ಲಿ ಐದು ನಿಮಿಷ ಮಾತಾಡುವಷ್ಟು. ಕಲಿಯಲು ಒದ್ದಾಡಿದವರಿಗೆ ಜೊತೆಗಾರರ ಒದ್ದಾಟ ಹೇಳದೆಯೇ ಅರ್ಥವಾಗುತ್ತದೆ.

ಜಗಳ ಯಾವ ಭಾಷೆಯಲ್ಲಿ ನಡೆಯುತ್ತದೋ ಆ ಭಾಷೆ ಚೆನ್ನಾಗಿ ಬರುವವರೇ ಗೆಲ್ಲುತ್ತಾರೆ, ತಪ್ಪು ಅವರದೇ ಇದ್ದರೂ. ಆದ್ದರಿಂದ ಗಂಭೀರ ವಿಷಯವನ್ನು ಬರೆದು ಹೇಳುವ ಅವಕಾಶ ಇರಲಿ. ನಿಧಾನವಾಗಿ ಬರೆಯುವಾಗ ಭಾಷೆ ಕಮ್ಮಿ ಬರುವವರಿಗೂ ಸರಿಯಾದ ಮಾತು ಸಿಗುತ್ತದೆ.

*ಎಚ್ಚರ:* ವೈದ್ಯರು, ವಕೀಲರು, ಪೊಲೀಸರ ಮುಂದೆ ಜೊತೆಗಾರರನ್ನೇ ಅನುವಾದಕ್ಕೆ ಇಟ್ಟುಕೊಳ್ಳಬೇಡಿ. ಗಂಡ ಹೆಂಡತಿ ಎಷ್ಟೇ ಒಳ್ಳೆಯವರಾಗಿದ್ದರೂ ಕೆಲವು ಮಾತು ಅವರ ಮುಂದೆ ಆಡಲಾಗುವುದಿಲ್ಲ. ಹಲವು ದೇಶಗಳ ಆಸ್ಪತ್ರೆ, ನ್ಯಾಯಾಲಯಗಳಲ್ಲಿ ವೃತ್ತಿಪರ ದುಭಾಷಿಗಳ ವ್ಯವಸ್ಥೆ ಇರುತ್ತದೆ. ಕೇಳಿ ಪಡೆಯಿರಿ.

ಹಂತ 4: ಮನೆಯವರಿಗೆ ಹೇಳುವುದು

ನಿಯಮ ಒಂದೇ: ನಿಮ್ಮ ಕಡೆಯವರನ್ನು ನೀವೇ ನಿಭಾಯಿಸಬೇಕು. ಒಪ್ಪಿಸುವುದು, ಬೈಸಿಕೊಳ್ಳುವುದು, ಗಡಿ ಹಾಕುವುದು ಎಲ್ಲ ನಿಮ್ಮದೇ. ಹೊಸದಾಗಿ ಬಂದವರನ್ನು ಮುಂದೆ ತಳ್ಳಿ "ನೀನೇ ಒಳ್ಳೆಯವಳು ಅನ್ನಿಸಿಕೋ" ಎನ್ನಬಾರದು.

ಮೊದಲು ನೀವೊಬ್ಬರೇ ಹೋಗಿ ಹೇಳಿ, ಜೊತೆಗಾರರನ್ನು ಎದುರಿಗೆ ಕೂರಿಸಿಕೊಂಡು ಬೇಡ. ಸುದ್ದಿ ಕೇಳಿದ ಮೊದಲ ಗಂಟೆಯಲ್ಲಿ ಬಾಯಿಂದ ಬರುವ ಮಾತನ್ನು ಜನ ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆದರೆ ಕಿವಿಗೆ ಬಿದ್ದವರಿಗೆ ಅದು ಮರೆಯುವುದಿಲ್ಲ. ಹೇಳುವಾಗ "ಒಪ್ಪಿಗೆ ಕೊಡ್ತೀರಾ" ಎಂದು ಕೇಳುತ್ತಿದ್ದೀರೋ, "ನಿರ್ಧಾರ ಆಗಿದೆ, ನೀವೂ ಜೊತೆಗಿರಬೇಕು" ಎಂದು ತಿಳಿಸುತ್ತಿದ್ದೀರೋ, ಅದು ಸ್ಪಷ್ಟವಿರಲಿ.

ವಿರೋಧ ಬಂದರೆ ಅದು ಭಯವೋ ತಾತ್ಸಾರವೋ ನೋಡಿ. "ನೀನು ದೂರ ಹೋಗಿಬಿಡ್ತೀಯಾ, ಮೊಮ್ಮಕ್ಕಳು ನಮ್ಮ ಜೊತೆ ಮಾತಾಡ್ತಾರಾ, ನಾಲ್ಕು ಜನ ಏನಂತಾರೆ" ಇವೆಲ್ಲ ಭಯ. ಇವಕ್ಕೆ ಸಮಯ ಕೊಡಿ, ಉತ್ತರ ಕೊಡಿ, ಭೇಟಿ ಮಾಡಿಸಿ. "ಆ ಬಣ್ಣದವರು, ಆ ಜನ" ಎಂದು ಶುರುವಾಗುವುದು ತಾತ್ಸಾರ. ಇದಕ್ಕೆ ಕಾಯುವುದರಿಂದ ಉಪಯೋಗ ಕಡಿಮೆ. "ನನ್ನ ಮುಂದೆ ಹೀಗೆ ಮಾತಾಡಿದರೆ ನಾನು ಎದ್ದು ಹೋಗುತ್ತೇನೆ" ಎಂದು ಒಮ್ಮೆ ಹೇಳಿ, ಮುಂದಿನ ಸಲ ನಿಜವಾಗಿಯೂ ಎದ್ದು ಹೋಗಿ.

ಇಲ್ಲಿ ಜನ ಎಡವುವ ಮೂರು ಕಡೆ. ಒಂದು, ವರ್ಷಗಟ್ಟಲೆ ಮುಚ್ಚಿಡುವುದು. ಬಚ್ಚಿಟ್ಟಷ್ಟು ಕಾಲವೂ ಜೊತೆಗಾರರಿಗೆ ತಾವು ನಾಚಿಕೆಯ ವಸ್ತು ಅನ್ನಿಸುತ್ತಿರುತ್ತದೆ. ಎರಡು, ಮನೆಯವರು ಆಡಿದ ಕೆಟ್ಟ ಮಾತನ್ನು ಅಕ್ಷರಶಃ ತಂದು ಒಪ್ಪಿಸುವುದು. ಪ್ರಾಮಾಣಿಕತೆ ಬೇಕು, ವರದಿಗಾರಿಕೆ ಬೇಡ. "ಇನ್ನೂ ಒಪ್ಪಿಲ್ಲ, ನಾನು ಮಾತಾಡುತ್ತಿದ್ದೇನೆ" ಅಂದರೆ ಸಾಕು. ಮೂರು, ಒಪ್ಪಿಗೆ ಸಿಗಲಿ ಎಂದು ಮನಸ್ಸಿಲ್ಲದ ಮಾತು ಕೊಡುವುದು: ಮತ ಬದಲಿಸುತ್ತೇನೆ, ಮಕ್ಕಳನ್ನು ನಿಮ್ಮ ಪದ್ಧತಿಯಲ್ಲೇ ಬೆಳೆಸುತ್ತೇನೆ, ಐದು ವರ್ಷದಲ್ಲಿ ವಾಪಸ್ ಬರುತ್ತೇವೆ. ಇವನ್ನು ಯಾರೂ ಮರೆಯುವುದಿಲ್ಲ.

ಹಂತ 5: ಹೊರಗಿನವರ ಕಣ್ಣು

ಸಂಸ್ಕೃತಿಯ ವ್ಯತ್ಯಾಸ ಮನೆಯೊಳಗಿನದು, ಜನಾಂಗಭೇದ ಹೊರಗಿನಿಂದ ಬರುತ್ತದೆ. ಎರಡನ್ನೂ ಕಲಸಬೇಡಿ.

ಇದು ತೀರಾ ಹಳೆಯ ಕಥೆಯೂ ಅಲ್ಲ. ಬಿಳಿಯನಾದ ರಿಚರ್ಡ್ ಲವಿಂಗ್ ಮತ್ತು ಬಿಳಿಯಳಲ್ಲದ ಮಿಲ್ಡ್ರೆಡ್ 1958ರಲ್ಲಿ ವಾಷಿಂಗ್ಟನ್‌ನಲ್ಲಿ ಮದುವೆಯಾಗಿ ವರ್ಜೀನಿಯಾದ ತಮ್ಮ ಮನೆಗೆ ಮರಳಿದಾಗ, ಪೊಲೀಸರು ರಾತ್ರಿ ನುಗ್ಗಿ ಹಿಡಿದರು. ಒಂದು ವರ್ಷದ ಶಿಕ್ಷೆ ವಿಧಿಸಿ, 25 ವರ್ಷ ರಾಜ್ಯ ಬಿಟ್ಟಿದ್ದರೆ ಜೈಲು ಬೇಡ ಎಂದರು. 1967ರ ಜೂನ್ 12ರಂದು ಅಮೆರಿಕದ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಆಗ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. ದಕ್ಷಿಣ ಆಫ್ರಿಕಾ 1949ರಲ್ಲಿ ತಂದ ಮಿಶ್ರ ವಿವಾಹ ನಿಷೇಧ ಕಾಯ್ದೆ ಹೋದದ್ದು 1985ರಲ್ಲಿ. ಗ್ಯಾಲಪ್ ಸಂಸ್ಥೆ ಅಮೆರಿಕದಲ್ಲಿ ಕಪ್ಪು ಬಿಳಿಯರ ನಡುವಿನ ಮದುವೆಯ ಬಗ್ಗೆ ಕೇಳಿದಾಗ, 1958ರಲ್ಲಿ ಒಪ್ಪಿದವರು ಶೇ. 4, 2021ರಲ್ಲಿ ಶೇ. 94. ಸಮೀಕ್ಷೆಯಲ್ಲಿ ಸರಿ ಎಂದವರು ತಮ್ಮ ಮನೆಯ ಮಗಳ ವಿಷಯ ಬಂದಾಗ ಏನೆನ್ನುತ್ತಾರೋ, ಅದು ಬೇರೆ ಮಾತು.

ಇವತ್ತು ಎದುರಾಗುವುದು ಸಣ್ಣ ಸಣ್ಣ ಚುಚ್ಚುಗಳು. ಕೌಂಟರಿನಲ್ಲಿ ಒಟ್ಟಿಗೆ ನಿಂತಿದ್ದರೂ "ನೀವು ಬೇರೆ ಬೇರೆಯಾ?" ಎಂಬ ಪ್ರಶ್ನೆ. ಮಗುವನ್ನು ಎತ್ತಿಕೊಂಡ ತಾಯಿಯನ್ನು ಆಯಾ ಎಂದುಕೊಳ್ಳುವುದು. ಫೋನಿನಲ್ಲಿ ಖಾಲಿ ಇದ್ದ ಬಾಡಿಗೆ ಮನೆ ಮುಖ ನೋಡಿದ ಮೇಲೆ ಭರ್ತಿಯಾಗುವುದು. ಹಣಕ್ಕೋ ವೀಸಾಕ್ಕೋ ಆದ ಮದುವೆ ಎಂಬ ಗುಸುಗುಸು.

ಇಂಥದ್ದನ್ನು ಹಿಂದೆಂದೂ ಅನುಭವಿಸದವರು ಮೊದಲು ಹೇಳುವ ಮಾತು, "ಅವರು ಹಾಗಂದುಕೊಂಡು ಹೇಳಿರಲಿಕ್ಕಿಲ್ಲ ಬಿಡು." ಸಮಾಧಾನಕ್ಕೇ ಹೇಳಿದ್ದು, ನಿಜ. ಆದರೆ ಕೇಳಿದವರಿಗೆ ಮನೆಯೊಳಗೂ ತಾವು ಒಂಟಿ ಅನ್ನಿಸುತ್ತದೆ. ಬದಲಿಗೆ ಹೀಗೆ ಮಾಡಿ: ಮೊದಲು ನಂಬಿ. ಆಮೇಲೆ "ನಾನು ಏನು ಮಾಡಲಿ, ಮಾತಾಡಲಾ, ಹೊರಡೋಣವಾ, ಸುಮ್ನೆ ಜೊತೆಗಿರಲಾ?" ಎಂದು ಕೇಳಿ. ಹೊರಗೆ ಹೋದಾಗ ಯಾರು ಯಾವಾಗ ಬಾಯಿ ಹಾಕಬೇಕು ಎಂಬುದನ್ನೂ ಮೊದಲೇ ಮಾತಾಡಿಟ್ಟುಕೊಳ್ಳಿ. ಪೊಲೀಸರ ಜೊತೆ ವಾದಕ್ಕಿಳಿದರೆ ಅದರ ಪರಿಣಾಮ ಇಬ್ಬರಿಗೂ ಒಂದೇ ಆಗಿರುವುದಿಲ್ಲ. ವಾದ ಶುರುಮಾಡುವವರಿಗೆ ಇದು ನೆನಪಿರಲಿ.

ಹಂತ 6: ಕಾಗದಪತ್ರ

ಬೇಸರದ ಕೆಲಸ, ಆದರೆ ಅತಿ ದುಬಾರಿ ತಪ್ಪುಗಳು ಆಗುವುದು ಇಲ್ಲೇ. ಇಬ್ಬರದೂ ಬೇರೆ ಬೇರೆ ದೇಶವಾದರೆ ಇವನ್ನು ನೋಡಿ.

ಮದುವೆಯ ಮಾನ್ಯತೆ: ಒಂದು ದೇಶದಲ್ಲಿ ಆದ ಮದುವೆ ಇನ್ನೊಂದರಲ್ಲಿ ತಾನಾಗಿ ದಾಖಲಾಗುವುದಿಲ್ಲ. ಎರಡೂ ಕಡೆ ಏನು ಮಾಡಬೇಕೆಂದು ಮದುವೆಗೆ ಮುಂಚೆಯೇ ವಿಚಾರಿಸಿ. ಎಷ್ಟೋ ದೇಶಗಳು "ಈ ವ್ಯಕ್ತಿಗೆ ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ" ಎಂಬ ಪ್ರಮಾಣಪತ್ರ ಕೇಳುತ್ತವೆ. ಅದಕ್ಕೆ ಅವಧಿ ಇರುತ್ತದೆ, ತೀರಾ ಮೊದಲೇ ಮಾಡಿಸಬೇಡಿ.

ಅಪೊಸ್ಟಿಲ್: ಒಂದು ದೇಶದ ಸರ್ಕಾರಿ ದಾಖಲೆ ಅಸಲಿ ಎಂದು ಇನ್ನೊಂದು ದೇಶ ಒಪ್ಪಲು ಹಾಕುವ ಮುದ್ರೆ. 1961ರ ಹೇಗ್ ಒಪ್ಪಂದದಿಂದ ಬಂದದ್ದು, 120ಕ್ಕೂ ಹೆಚ್ಚು ದೇಶಗಳು ಸೇರಿವೆ. ಚೀನಾದಲ್ಲಿ 2023ರ ನವೆಂಬರಿನಿಂದ, ಕೆನಡಾದಲ್ಲಿ 2024ರ ಜನವರಿಯಿಂದ ಜಾರಿಗೆ ಬಂದಿದೆ, ಆದ್ದರಿಂದ ಹಳೆಯ ಸಲಹೆಗಳನ್ನು ನಂಬಬೇಡಿ. ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು. ಅಪೊಸ್ಟಿಲ್ ಇದ್ದರೂ ಅನುವಾದ ಬೇರೆಯೇ ಮಾಡಿಸಬೇಕಾಗಬಹುದು. ಮತ್ತೆ, ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರಗಳು ಒಂದೇ ಇವೆಯಾ ನೋಡಿ. ಜನನ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟಿನ ನಡುವೆ ಒಂದಕ್ಷರ ಬೇರೆ ಇದ್ದರೂ ತಿಂಗಳುಗಟ್ಟಲೆ ಅಲೆದಾಟ.

ವೀಸಾ: ಮದುವೆ ನಿಜವಾದದ್ದೇ ಎಂದು ತೋರಿಸಲು ಅಧಿಕಾರಿಗಳು ಪುರಾವೆ ಕೇಳುತ್ತಾರೆ. ಒಟ್ಟಿಗೆ ಮಾಡಿದ ಪ್ರಯಾಣದ ಟಿಕೆಟ್ಟು, ಜಂಟಿ ಖಾತೆ, ಮನೆಯವರ ಜೊತೆಗಿನ ಫೋಟೊಗಳನ್ನು ದಿನಾಂಕದ ಸಮೇತ ಮೊದಲ ದಿನದಿಂದಲೇ ಕೂಡಿಡಿ. ಸಂಗಾತಿಯ ವೀಸಾದಲ್ಲಿ ಕೆಲಸ ಮಾಡಬಹುದೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಎಲ್ಲ ವೀಸಾಗಳಲ್ಲೂ ಆ ಅನುಮತಿ ಇರುವುದಿಲ್ಲ. ಓದಿ ದುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಕೈಖರ್ಚಿಗೂ ಕೇಳಬೇಕಾಗಿ ಬಂದರೆ ಒಳ್ಳೆಯ ಸಂಸಾರವೂ ಅಲ್ಲಾಡುತ್ತದೆ.

ಆಸ್ತಿ: ಕೆಲವು ದೇಶಗಳಲ್ಲಿ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಮದುವೆಯ ದಿನದಿಂದ ಆಸ್ತಿಯೂ ಸಾಲವೂ ಜಂಟಿ. ದಕ್ಷಿಣ ಆಫ್ರಿಕಾ ಇದಕ್ಕೆ ಉದಾಹರಣೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಉಯಿಲಿನ ವಿಷಯದಲ್ಲೂ ಊಹೆ ಬೇಡ. ಡೆನ್ಮಾರ್ಕ್, ಐರ್ಲೆಂಡ್ ಬಿಟ್ಟು ಐರೋಪ್ಯ ಒಕ್ಕೂಟದಲ್ಲಿ 2015ರ ಆಗಸ್ಟ್ 17ರಿಂದ, ಸಾಮಾನ್ಯವಾಗಿ ತೀರಿಕೊಂಡವರು ವಾಸವಿದ್ದ ದೇಶದ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ. ತಮ್ಮ ಪೌರತ್ವದ ದೇಶದ ಕಾನೂನೇ ಬೇಕೆಂದರೆ ಉಯಿಲಿನಲ್ಲಿ ಬರೆದಿಡಬೇಕು. ಎರಡೂ ದೇಶದ ಕಾನೂನು ಬಲ್ಲ ವಕೀಲರಿಗೆ ಒಂದು ಸಲ ಫೀಸು ಕೊಟ್ಟು ಕೇಳುವುದೇ ಕೊನೆಗೆ ಅಗ್ಗ.

ಹಂತ 7: ಮಕ್ಕಳು

ಹುಟ್ಟುವ ಮೊದಲು ಹೆಸರು, ಮತ, ಭಾಷೆ, ಪೌರತ್ವ ಈ ನಾಲ್ಕನ್ನು ಮಾತಾಡಿ. ಹೆಸರನ್ನು ಇಬ್ಬರ ಅಪ್ಪ ಅಮ್ಮಂದಿರೂ ತೊದಲದೆ ಕರೆಯುವಂತಿರಲಿ. ಪೌರತ್ವದಲ್ಲಿ ಗಮನವಿರಲಿ: ಭಾರತ, ಚೀನಾದಂಥ ದೇಶಗಳು ಎರಡು ಪೌರತ್ವ ಒಪ್ಪುವುದಿಲ್ಲ.

ಭಾಷೆಗೆ ಹಳೆಯ, ಸರಳ ವಿಧಾನವೊಂದಿದೆ: ಒಬ್ಬ ಪೋಷಕರು, ಒಂದು ಭಾಷೆ. ಫ್ರೆಂಚ್ ಭಾಷಾಶಾಸ್ತ್ರಜ್ಞ ಜೂಲ್ ರೊಂಜಾ ತನ್ನ ಮಗನನ್ನು ಹೀಗೆ ಫ್ರೆಂಚ್ ಮತ್ತು ಜರ್ಮನ್ ಎರಡರಲ್ಲೂ ಬೆಳೆಸಿ 1913ರಲ್ಲಿ ಅದರ ದಾಖಲೆ ಪ್ರಕಟಿಸಿದ್ದ. ಮಗು ಮೊದಮೊದಲು ಎರಡೂ ಭಾಷೆ ಕಲಸಿ ಮಾತಾಡಿದರೆ ಗಾಬರಿ ಬೇಡ, ಅದು ಸಹಜ. ಸುತ್ತಮುತ್ತ ಯಾರೂ ಆಡದ ಭಾಷೆಗೆ ಮಾತ್ರ ಹೆಚ್ಚು ಆರೈಕೆ ಬೇಕು: ಅಜ್ಜಿ ತಾತನ ವಿಡಿಯೊ ಕರೆ, ಕಥೆ, ಆ ಭಾಷೆಯ ಜೊತೆಗಾರ ಮಕ್ಕಳು.

ಯಾರೂ ಮೊದಲೇ ಹೇಳದ ಒಂದು ವಿಷಯ. ಏಷ್ಯಾ, ಆಫ್ರಿಕಾ ಮೂಲದ ಎಷ್ಟೋ ಶಿಶುಗಳ ಸೊಂಟದ ಕೆಳಗೆ, ಕುಂಡೆಯ ಮೇಲೆ ನೀಲಿ ಬೂದು ಬಣ್ಣದ ಮಚ್ಚೆ ಇರುತ್ತದೆ. ವೈದ್ಯರು ಡರ್ಮಲ್ ಮೆಲನೊಸೈಟೋಸಿಸ್ ಎನ್ನುತ್ತಾರೆ. ನೋವಿಲ್ಲ, ತೊಂದರೆ ಇಲ್ಲ, ಸಾಮಾನ್ಯವಾಗಿ ಬಾಲ್ಯದಲ್ಲೇ ಮಾಸುತ್ತದೆ. ಆದರೆ ಇದನ್ನು ನೋಡಿ ಗೊತ್ತಿಲ್ಲದ ದಾದಿಯೋ ಶಿಶುವಿಹಾರದವರೋ ಹೊಡೆದ ಗಾಯ ಎಂದುಕೊಳ್ಳಬಹುದು. ಪೆಟ್ಟಿನ ಗುರುತು ಕೆಲವು ದಿನಗಳಲ್ಲಿ ಬಣ್ಣ ಬದಲಿಸಿ ಹೋಗುತ್ತದೆ, ಇದು ಹಾಗೇ ಇರುತ್ತದೆ. ಮೊದಲ ತಪಾಸಣೆಯಲ್ಲೇ ವೈದ್ಯರಿಂದ ಎಲ್ಲಿ, ಎಷ್ಟು ದೊಡ್ಡದು ಎಂದು ದಾಖಲೆಯಲ್ಲಿ ಬರೆಸಿ, ಶಿಶುವಿಹಾರಕ್ಕೆ ಒಂದು ಪ್ರತಿ ಕೊಡಿ.

ಕೂದಲೂ ಅಷ್ಟೇ. ನೇರ ಕೂದಲಿನ ತಾಯಿ ತಂದೆಗೆ ಗುಂಗುರು ಕೂದಲಿನ ಮಗು ಹುಟ್ಟಿದರೆ ತಮಗೆ ಗೊತ್ತಿರುವ ರೀತಿಯಲ್ಲೇ ಒಣಕೂದಲನ್ನು ಬಾಚಲು ಹೋಗುತ್ತಾರೆ. ಮಗು ಕಿರುಚುತ್ತದೆ, ಕೂದಲು ಮುರಿಯುತ್ತದೆ. ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ನಾಲ್ಕಾರು ಭಾಗ ಮಾಡಿಕೊಂಡು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸುತ್ತಾ ಹೋಗಬೇಕು. ದಿನಾ ಶಾಂಪೂ ಬೇಡ. ಅಂಥ ಕೂದಲಿರುವ ನೆಂಟರನ್ನು ಕೇಳಿ ಕಲಿಯಿರಿ. "ನಿನ್ನ ಕೂದಲು ಕಷ್ಟ" ಎಂದು ವಾರವಾರ ಕೇಳಿ ಬೆಳೆದ ಮಗು, ಕಷ್ಟ ತಾನೇ ಎಂದುಕೊಳ್ಳುತ್ತದೆ.

"ನೀನು ಯಾರು, ಎಲ್ಲಿಯವನು?" ಎಂಬ ಪ್ರಶ್ನೆ ಶಾಲೆಯಲ್ಲಿ ಬರುತ್ತದೆ. ಅರ್ಧ ಇದು, ಅರ್ಧ ಅದು ಎಂಬ ಲೆಕ್ಕ ಕಲಿಸಬೇಡಿ, ಎರಡೂ ಪೂರ್ತಿ ಅವರದೇ. ಅಮೆರಿಕದ ಜನಗಣತಿಯಲ್ಲೇ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಅವಕಾಶ ಸಿಕ್ಕಿದ್ದು 2000ದಲ್ಲಿ. ಉತ್ತರ ಮಗುವಿನದೇ ಇರಲಿ, ವಯಸ್ಸಿಗೆ ತಕ್ಕಂತೆ ಅದು ಬದಲಾದರೂ ಬದಲಾಗಲಿ.

ಪ್ರಯಾಣ: ಒಬ್ಬರೇ ಮಗುವನ್ನು ಕರೆದುಕೊಂಡು ಗಡಿ ದಾಟುವಾಗ, ಅದೂ ಬಣ್ಣವೋ ಉಪನಾಮವೋ ಬೇರೆ ಇದ್ದರೆ, ಅಧಿಕಾರಿಗಳು ಪ್ರಶ್ನಿಸುತ್ತಾರೆ. ಜನನ ಪ್ರಮಾಣಪತ್ರದ ಪ್ರತಿ ಮತ್ತು ಇನ್ನೊಬ್ಬರ ಸಹಿಯ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಕೈಚೀಲದಲ್ಲಿರಲಿ.

*ಎಚ್ಚರ:* ಜಗಳವಾಗಿ ಮಗುವನ್ನು ಎತ್ತಿಕೊಂಡು ತವರು ದೇಶಕ್ಕೆ ಹೋಗಿಬಿಡುವ ಮುನ್ನ ವಕೀಲರನ್ನು ಕೇಳಿ. 1980ರ ಹೇಗ್ ಒಪ್ಪಂದದ ಪ್ರಕಾರ, ಒಬ್ಬರ ಒಪ್ಪಿಗೆ ಇಲ್ಲದೆ ಕರೆದೊಯ್ದ ಮಗುವನ್ನು ಸಾಮಾನ್ಯವಾಗಿ ಅದು ವಾಸವಿದ್ದ ದೇಶಕ್ಕೇ ವಾಪಸ್ ಕಳಿಸಲಾಗುತ್ತದೆ. ಜಪಾನ್ 2014ರಲ್ಲಿ ಸೇರಿತು. ಭಾರತ ಸೇರಿಲ್ಲ. ಸೇರದ ದೇಶ ಅಂದರೆ ಸುರಕ್ಷಿತ ಎಂದರ್ಥವಲ್ಲ. ಬಿಟ್ಟು ಬಂದ ದೇಶದಲ್ಲಿ ಅಪಹರಣದ ಮೊಕದ್ದಮೆ ಬೀಳಬಹುದು. ಹಿಂಸೆಯಿಂದ ಪಾರಾಗಲು ಹೋಗುವವರಿಗಂತೂ ಮೊದಲೇ ಕಾನೂನು ಸಲಹೆ ಬೇಕೇ ಬೇಕು.

ಹಂತ 8: ದೂರದ ಅಪ್ಪ ಅಮ್ಮ

ಇಪ್ಪತ್ತೈದನೇ ವಯಸ್ಸಿನಲ್ಲಿ ಈ ಮಾತು ಬರುವುದೇ ಇಲ್ಲ. ನಡುವಯಸ್ಸಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಬಂದು ಸೇರಿದವರ ಅಪ್ಪ ಅಮ್ಮ ಸಮುದ್ರದಾಚೆ ಮುದುಕರಾಗುತ್ತಿರುತ್ತಾರೆ. ತುರ್ತಿಗೆ ಹೊರಡಲು ಹಣ ಬೇರೆ ಇಡಿ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಕಮ್ಮಿಯಾಗಲು ಬಿಡಬೇಡಿ. ಎಷ್ಟು ದಿನ ಹೋಗಿ ಇರಬಹುದು, ಆಗ ಮನೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಇದು ಒಪ್ಪಂದವಾಗಿರಲಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಜೆಯ ಲೆಕ್ಕ ಶುರುವಾಗಬಾರದು.

ಹಂತ 9: "ನಮ್ಮ ಕಡೆ ಹೀಗೇ" ಎಂಬ ನೆಪ

ಹೊಡೆಯುವುದು, ಪಾಸ್‌ಪೋರ್ಟು ಕಸಿದಿಟ್ಟುಕೊಳ್ಳುವುದು, ಸಂಬಳ ಪೂರ್ತಿ ಕಿತ್ತುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, "ವೀಸಾ ರದ್ದು ಮಾಡಿಸ್ತೀನಿ" ಎಂದು ಬೆದರಿಸುವುದು ಯಾವ ಸಂಸ್ಕೃತಿಯೂ ಅಲ್ಲ. ಪರಸಂಸ್ಕೃತಿಗೆ ಗೌರವ ಕೊಡಬೇಕು ಎಂಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟೋ ಜನ ಇದನ್ನು ಸಹಿಸಿಕೊಂಡಿರುತ್ತಾರೆ. ಅದೇ ದೇಶದ ಬೇರೆ ಇಬ್ಬರು ಮೂವರನ್ನು ಕೇಳಿ ನೋಡಿ, "ನಿಮ್ಮಲ್ಲಿ ಹೀಗೇನಾ?" ಅಂತ. ಅವರ ಮುಖವೇ ಉತ್ತರ ಹೇಳುತ್ತದೆ.

ಇಂಥ ಸ್ಥಿತಿಯಲ್ಲಿರುವವರು ವೀಸಾ ಹೋಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ, ನಾಗರಿಕ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿಯಿಂದ ಹಿಂಸೆಗೆ ಒಳಗಾದವರು ಅವರ ಸಹಿ ಇಲ್ಲದೆಯೇ ತಾವೇ ಅರ್ಜಿ ಹಾಕಬಹುದು. ಇನ್ನೂ ಕೆಲವು ದೇಶಗಳಲ್ಲಿ ಇಂಥ ರಕ್ಷಣೆ ಇದೆ. ಪಾಸ್‌ಪೋರ್ಟ್, ಮದುವೆ ಮತ್ತು ಮಕ್ಕಳ ಪ್ರಮಾಣಪತ್ರಗಳ ಪ್ರತಿಯನ್ನು ನಂಬಿಕಸ್ಥರ ಬಳಿ ಇಡಿ.

ಹಿಂಸೆ ಇಲ್ಲ, ಆದರೆ ಒಂದೇ ಜಗಳ ತಿರುಗಿ ತಿರುಗಿ ಬರುತ್ತಿದೆ ಎಂದಾದರೆ ದಂಪತಿ ಸಮಾಲೋಚಕರ ಬಳಿ ಹೋಗಿ. ಹೋಗುವ ಮೊದಲು ಫೋನಿನಲ್ಲಿ ಕೇಳಿ: ಬೇರೆ ಬೇರೆ ಸಂಸ್ಕೃತಿಯ ಜೋಡಿಗಳ ಜೊತೆ ಕೆಲಸ ಮಾಡಿದ್ದೀರಾ? ನಮ್ಮಲ್ಲೊಬ್ಬರಿಗೆ ನಿಮ್ಮ ಭಾಷೆ ಕಷ್ಟ, ಏನು ಮಾಡುತ್ತೀರಿ? ಮೊದಲ ಭೇಟಿಯಲ್ಲೇ ಅವರು ಎಲ್ಲವನ್ನೂ ಒಬ್ಬರ ದೇಶದ ಮೇಲೆ ಹಾಕಿದರೆ, ಅಥವಾ ಭಾಷೆ ಚೆನ್ನಾಗಿ ಬರುವವರ ಜೊತೆಗೇ ಮುಕ್ಕಾಲು ಗಂಟೆ ಮಾತಾಡಿದರೆ, ಎರಡನೇ ಸಲ ಹೋಗಬೇಡಿ. ಬೇರೆಯವರನ್ನು ಹುಡುಕಿ.